ಐಸಿಯು ಬಾಗಿಲಿನ ಎರಡೂ ಕಡೆ ನಿಂತು ಕಲಿತದ್ದು

ಹದಿನೇಳು ವರ್ಷದಿಂದ ಐಸಿಯು ನರ್ಸ್ ನಾನು. "ಒಬ್ಬೊಬ್ರೇ ಬನ್ನಿ, ಐದೇ ನಿಮಿಷ" ಎಂದು ದಿನಕ್ಕೆ ಇಪ್ಪತ್ತು ಸಲ ಹೇಳುವ ಬಾಯಿ. ಒಂದು ಶ್ರಾವಣದಲ್ಲಿ ಅಪ್ಪಯ್ಯನಿಗೆ ಇಲಿಜ್ವರ ಬಂದು, ಕಿಡ್ನಿ, ಶ್ವಾಸಕೋಶ ಎರಡೂ ಕೈಕೊಟ್ಟು, ಬೇರೊಂದು ಆಸ್ಪತ್ರೆಯಲ್ಲಿ ವೆಂಟಿಲೇಟರ್ ಹಾಕಿದರು. ಅಲ್ಲಿ ನಾನು ಸಿಸ್ಟರ್ ಅಲ್ಲ, ಏಳನೇ ಬೆಡ್ಡಿನ ಕಡೆಯವಳು. ಕೈಯಲ್ಲೊಂದು ಪಾಸು, ಕೂರಲು ಕಬ್ಬಿಣದ ಕುರ್ಚಿ. ಕೆಳಗೆ ಬರೆದಿರುವುದರಲ್ಲಿ ಅರ್ಧ ಒಳಗಿದ್ದು ಕಲಿತದ್ದು, ಅರ್ಧ ಆ ಕುರ್ಚಿಯಲ್ಲಿ.

1. ಪರದೆ ಬಿಟ್ಟು ಮುಖ ನೋಡಿ. ಒಳಗೆ ಬಂದವರು ಮೊದಲು ನೋಡುವುದು ಮಾನಿಟರನ್ನು. ಎಲ್ಲ ತಿಳಿದ ನಾನೂ ಮೊದಲ ದಿನ ಅದನ್ನೇ ಮಾಡಿದೆ; ಸಮಯ ಮುಗಿದು ಹೊರಗೆ ಬಂದ ಮೇಲೆ, ಅಪ್ಪಯ್ಯನ ಗಡ್ಡ ಬೆಳೆದಿತ್ತೋ ಇಲ್ಲವೋ ನೆನಪಾಗಲಿಲ್ಲ. ತಮ್ಮ 120/80 ಕಂಡು "ಬಿಪಿ ನಾರ್ಮಲ್ ಇದ್ಯಲ್ಲಕ್ಕ" ಎಂದು ಹಿಗ್ಗಿದ. ಪಕ್ಕದ ಸಿರಿಂಜ್ ಪಂಪಿನಲ್ಲಿ ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಓಡುತ್ತಿತ್ತು. ಆ ಬಿಪಿ ಅಪ್ಪಯ್ಯನದಲ್ಲ, ಪಂಪಿನದು. ಬೆರಳಿನ ಕ್ಲಿಪ್ಪು ಜಾರಿದರೂ ಆಕ್ಸಿಜನ್ ಅಂಕಿ ಬಿದ್ದು ಅಲಾರಂ ಹೊಡೆದುಕೊಳ್ಳುತ್ತದೆ. ಕೂಗಿದ ಪ್ರತಿ ಅಲಾರಂಗೂ ಸಿಸ್ಟರ್ ಓಡಿ ಬರಲಿಲ್ಲವೆಂದು ಸಿಟ್ಟಾಗಬೇಡಿ, ಯಾವ ಸದ್ದಿಗೆ ಓಡಬೇಕೆಂದು ಕಿವಿಗೆ ಗೊತ್ತಿರುತ್ತದೆ.

2. "ಹೇಗಿದ್ದಾರೆ ಡಾಕ್ಟ್ರೇ?" ಎಂದು ಕೇಳಿದರೆ "ಸೀರಿಯಸ್ಸೇ, ನೋಡೋಣ" ಎಂಬ ಉತ್ತರ ಬಿಟ್ಟು ಬೇರೇನೂ ಸಿಗದು. ಬಿಪಿ ಏರಿಸುವ ಔಷಧಿ ನಿನ್ನೆಗಿಂತ ಕಡಿಮೆ ಆಗಿದೆಯಾ ಎಂದು ಕೇಳಿ. ವೆಂಟಿಲೇಟರಿನಲ್ಲಿ ಆಕ್ಸಿಜನ್ ಎಷ್ಟು ಪರ್ಸೆಂಟ್ ಎಂದು ಕೇಳಿ. ನಾವು ಉಸಿರಾಡುವ ಗಾಳಿಯಲ್ಲಿರುವುದು 21, ಆದ್ದರಿಂದ 80 ಇದ್ದದ್ದು 50ಕ್ಕೆ ಇಳಿದರೆ ಅದು ಒಳ್ಳೆಯ ಸುದ್ದಿ. ಮೂತ್ರ ಎಷ್ಟು ಹೋಯಿತೆಂದೂ ಕೇಳಿ. ಮನೆಯಿಂದ ಒಬ್ಬರೇ ಕೇಳಲಿ, ಬರೆದುಕೊಳ್ಳಲಿ. ನಮ್ಮ ಕಡೆ ನಾಲ್ಕು ಜನ ಕೇಳಿ, ರಾತ್ರಿಯೊಳಗೆ ನಾಲ್ಕು ಅಪ್ಪಯ್ಯಂದಿರು ಆಗಿಬಿಟ್ಟಿದ್ದರು.

3. ಕೈ ತೊಳೆಯಿರಿ. ಸೋಪಾದರೆ 40ರಿಂದ 60 ಸೆಕೆಂಡ್, ಸ್ಯಾನಿಟೈಸರ್ ಆದರೆ 20ರಿಂದ 30. ಚಪ್ಪಲಿ ಬಿಟ್ಟು ಬಂದೆ ಎಂಬುದು ಇದಕ್ಕೆ ಬದಲಿಯಲ್ಲ.

4. ತೀರ್ಥ ಬಾಯಿಗೆ ಬೇಡ. ಬಾಟಲಿ ಮುಚ್ಚಳದಷ್ಟು ನೀರು ಏನು ಮಾಡೀತು ಎನಿಸುತ್ತದೆ. ನುಂಗುವ ಶಕ್ತಿಯಿಲ್ಲದವರಿಗೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಕಿಡ್ನಿ ಕೆಲಸ ನಿಲ್ಲಿಸಿದವರಿಗೆ ಎಳನೀರೂ ಅಪಾಯ, ಅದರ ಪೊಟ್ಯಾಸಿಯಂ ಹೃದಯದ ಬಡಿತವನ್ನೇ ಕೆಡಿಸಬಲ್ಲದು. ಹಣೆಗೆ ಗಂಧ, ವಿಭೂತಿ ಇಡುವುದಿದ್ದರೆ ಕೇಳಿ ಇಡಿ. ನಾನಂತೂ ಯಾರಿಗೂ ಬೇಡವೆಂದಿಲ್ಲ. ಅಮ್ಮ ಕೊಟ್ಟ ಗಂಧವನ್ನು ನಾನೇ ಹಚ್ಚಿದ್ದೇನೆ.

5. ಕೈ ಕಟ್ಟಿದ್ದಾರೆಂದು ಜಗಳಕ್ಕೆ ನಿಲ್ಲುವ ಮೊದಲು ಕಾರಣ ಕೇಳಿ. ಅರೆ ಎಚ್ಚರದಲ್ಲಿ ಗಂಟಲಿನ ಟ್ಯೂಬನ್ನೇ ಕಿತ್ತುಕೊಳ್ಳುವವರಿದ್ದಾರೆ. ನೀವು ಪಕ್ಕದಲ್ಲಿರುವಷ್ಟು ಹೊತ್ತು ಬಿಚ್ಚಬಹುದೇ ಎಂದು ಕೇಳುವ ಹಕ್ಕು ನಿಮಗಿದೆ, ಎಷ್ಟೋ ಸಲ ನಾವು ಬಿಚ್ಚುತ್ತೇವೆ. ಮುಖ, ಕೈಕಾಲು ಊದಿರುವುದು ಕಂಡೂ ಗಾಬರಿಯಾಗಬೇಡಿ, ಅದು ಹೆಚ್ಚಾಗಿ ಡ್ರಿಪ್ಪಿನ ನೀರು ಮೈಯಲ್ಲಿ ನಿಂತದ್ದು.

6. ಮಾತಾಡಿ, ಮುಟ್ಟಿ. ಟ್ಯೂಬು ಧ್ವನಿತಂತುಗಳ ನಡುವೆಯೇ ಹಾದುಹೋಗುವುದರಿಂದ ಅವರಿಗೆ ಮಾತು ಬರದು, ಅಷ್ಟೇ. ನಿದ್ದೆ ಔಷಧಿಯ ನಡುವೆಯೂ ಕೇಳಿಸುತ್ತಿರಬಹುದು. ಪಕ್ಕದಲ್ಲಿ ಕೂರುವುದು ಸಣ್ಣ ಕೆಲಸವಲ್ಲ. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿದಾಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರು ಗಂಟಲಿಗೆ ರಂಧ್ರ ಮಾಡಿಸಿ ಟ್ಯೂಬು ಹಾಕಿಸಿ, ವೈದ್ಯ ವಿದ್ಯಾರ್ಥಿಗಳನ್ನು ಪಾಳಿಯಲ್ಲಿ ಕೂರಿಸಿ ಕೈಯಿಂದಲೇ ಚೀಲ ಒತ್ತಿಸಿ ಉಸಿರು ಕೊಡಿಸಿದರು. ಇಂದಿನ ಐಸಿಯು ಬೆಳೆದದ್ದು ಅಲ್ಲಿಂದ. ಹಾಸಿಗೆ ಪಕ್ಕ ಕೂತ ಒಬ್ಬ ಮನುಷ್ಯನಿಂದ, ಎಂದು ನಾನು ಹೊಸ ಹುಡುಗಿಯರಿಗೆ ಹೇಳುವುದುಂಟು.

ಆದರೆ ಏನು ಮಾತಾಡುವುದು? "ಬೇಗ ಹುಷಾರಾಗಿ" ಎರಡು ಸಲ ಹೇಳುವಷ್ಟರಲ್ಲಿ ಮುಗಿದುಹೋಗುತ್ತದೆ. ಮನೆ ಸುದ್ದಿ ಹೇಳಿ. ಮೂರನೇ ದಿನ ನಾನು ಕಿವಿಯ ಹತ್ತಿರ ಬಗ್ಗಿ, "ಅಪ್ಪಯ್ಯ, ತೋಟಕ್ಕೆ ಎರಡನೇ ಔಷಧಿ ಹೊಡೆದಿಲ್ಲ, ಮಳೆ ಬಿಡ್ತಿಲ್ಲ, ಕೊನೆಗಾರ ಫೋನೂ ಎತ್ತಲ್ಲ" ಅಂದೆ. ಹುಬ್ಬು ಗಂಟಾಯಿತು. ಬಡಿತ 88 ಇದ್ದದ್ದು 104. ಡ್ಯೂಟಿ ಸಿಸ್ಟರ್ ತಿರುಗಿ ನೋಡಿದರು. ನನಗೆ ನಗು, ಅಳು ಒಟ್ಟಿಗೇ ಬಂದವು.

7. ಟ್ಯೂಬು ತೆಗೆದ ಮೇಲೆ ಕೆಲವರು ಏನೇನೋ ಮಾತಾಡುತ್ತಾರೆ, ಸಂಜೆಯಾದರೆ ಜಾಸ್ತಿ. ಅದು ಹುಚ್ಚಲ್ಲ. ಕಾಯಿಲೆ, ಔಷಧಿ, ನಿದ್ದೆಗೇಡು ಸೇರಿ ಹಿಡಿಯುವ ಭ್ರಮೆ. ಹೆಚ್ಚಿನವರಿಗೆ ಕೆಲವು ದಿನಗಳಲ್ಲಿ ಬಿಡುತ್ತದೆ. ಅಪ್ಪಯ್ಯ ಐಸಿಯುವನ್ನು ಬಸ್‌ಸ್ಟ್ಯಾಂಡ್ ಅಂದುಕೊಂಡು, "ತೀರ್ಥಳ್ಳಿ ಗಾಡಿ ಹೋಯ್ತಾ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದರು. ವಾದ ಮಾಡಬೇಡಿ, ಹೂಂ ಎಂದು ತಲೆಯೂ ಆಡಿಸಬೇಡಿ. ಕನ್ನಡಕ ಹಾಕಿ, ಕಿವಿಯ ಮಷೀನ್ ಇದ್ದರೆ ಅದನ್ನೂ ಹಾಕಿ, ಇವತ್ತು ಯಾವ ವಾರ, ಇದು ಯಾವ ಊರು, ನೀವು ಯಾರು ಎಂಬುದನ್ನು ಸಮಾಧಾನವಾಗಿ ಹೇಳಿ. ಸುಳ್ಳು ಹೇಳಬೇಡಿ ಎಂದು ನಾನೇ ಎಷ್ಟೋ ಮನೆಯವರಿಗೆ ಹೇಳಿದ್ದೇನೆ.

ಟ್ಯೂಬು ತೆಗೆದ ಎರಡನೇ ದಿನ ಕನ್ನಡಕ ಹಾಕಿದ ತಕ್ಷಣ ನನ್ನನ್ನು ಗುರುತು ಹಿಡಿದು, "ಔಷಧಿ ಹೊಡೆದಾಯ್ತಾ?" ಅಂದರು. ನಾನಂದದ್ದು ಕೇಳಿಸಿತ್ತೋ, ಅವರದೇ ಚಿಂತೆಯೋ, ಗೊತ್ತಿಲ್ಲ. ಅಷ್ಟರಲ್ಲಿ ಕೆಳಗಿನ ತೋಟಕ್ಕೆಲ್ಲ ಕೊಳೆರೋಗ ಬಂದು ಅಡಿಕೆ ಉದುರುತ್ತಿತ್ತು.

"ಆಯ್ತು ಅಪ್ಪಯ್ಯ" ಅಂದೆ.