ಮೂಕವಾದ ಹಾರ್ನ್

ಬೇಗಂ ಬಜಾರಿನ ಓಣಿಗಳಲ್ಲಿ ನಡೆದವರಿಗೆ ಅಲ್ಲಿಯ ಸಂದಣಿಯನ್ನು ಬಣ್ಣಿಸಿ ಹೇಳಬೇಕಾದುದಿಲ್ಲ. ಪಾತ್ರೆಗಳ ಅಂಗಡಿಗಳು, ಒಣಹಣ್ಣಿನ ಮಳಿಗೆಗಳು, ಅವುಗಳ ನಡುವೆ ಮೂಟೆ ಹೊತ್ತ ಹಮಾಲರು, ತಳ್ಳುಗಾಡಿಗಳು. ಇಲ್ಲಿಯ ಒಂದು ಬೀದಿಗೆ ಫೀಲ್‌ಖಾನಾ, ಎಂದರೆ ಆನೆಯ ಲಾಯ, ಎಂಬ ಹೆಸರು ಇಂದಿಗೂ ಉಳಿದಿದೆ. ಮೋಟಾರು ಗಾಡಿ ಹುಟ್ಟುವುದಕ್ಕೆ ಬಹು ಹಿಂದೆಯೇ ಬೆಳೆದ ಪೇಟೆ ಇದು. ಇಂತಹ ಕಡೆ ತಳ್ಳುಗಾಡಿಯ ಮರೆಯಿಂದ ಹೊರಬರುವ ಹುಡುಗನು ಕಾರನ್ನು ಕಾಣುವುದಕ್ಕೆ ಮೊದಲು ಅದರ ದನಿಯನ್ನು ಕೇಳಬೇಕು. ಆದುದರಿಂದ ಹಾರ್ನ್ ಕೆಟ್ಟ ಹಳೆಯ ಕಾರನ್ನು ಇಲ್ಲಿಗೆ ತರುವುದು ಅಪಾಯಕರ.

ಹಾರ್ನ್ ಮೂಕವಾಯಿತೆಂದರೆ ಹಲವರು ಕೂಡಲೇ ಹೊಸದನ್ನು ಕೊಳ್ಳಲು ಹೊರಡುವರು. ಇದು ಅವಸರದ ಕೆಲಸ. ಅನೇಕ ವೇಳೆ ದೋಷವಿರುವುದು ಹಾರ್ನಿನಲ್ಲಲ್ಲ. ಅದಕ್ಕೆ ವಿದ್ಯುತ್ತು ಬಂದು ಮರಳುವ ದಾರಿಯಲ್ಲಿ.

ಶಾಲೆಯ ಪ್ರಯೋಗಶಾಲೆಯಲ್ಲಿ ವಿದ್ಯುತ್ ಗಂಟೆಯನ್ನು ನೋಡಿದ ವಿದ್ಯಾರ್ಥಿಗೆ ಹಾರ್ನ್ ಅಪರಿಚಿತವಲ್ಲ. ಸುರುಳಿಯಲ್ಲಿ ವಿದ್ಯುತ್ತು ಹರಿದಾಗ ಅದು ಅಯಸ್ಕಾಂತವಾಗಿ ಉಕ್ಕಿನ ತೆಳುವಾದ ತಗಡನ್ನು ಸೆಳೆಯುವುದು. ತಗಡು ಸರಿದೊಡನೆ ಎರಡು ಸಂಪರ್ಕ ಬಿಂದುಗಳು ಅಗಲಿ ಪ್ರವಾಹ ಕಡಿಯುವುದು. ತಗಡು ಹಿಂದಕ್ಕೆ ಚಿಮ್ಮುವುದು. ಬಿಂದುಗಳು ಮತ್ತೆ ಕೂಡುವುವು. ಸೆಕೆಂಡಿಗೆ ಸುಮಾರು 400 ಸಲ ಹೀಗೆ ನಡೆಯುವುದೇ ನಮಗೆ ಕೇಳುವ ದನಿ. ರಬ್ಬರಿನ ಬುಡ್ಡೆಯನ್ನು ಹಿಸುಕಿ ಊದಿಸುತ್ತಿದ್ದ ಮೊದಲಿನ ‘ಪೋಂ ಪೋಂ’ ಹಾರ್ನಿಗೆ ಈ ತೊಡಕೊಂದೂ ಇರಲಿಲ್ಲ. ಬುಡ್ಡೆ ಬಿರಿದರೆ ಮಾತ್ರ ಅದು ಮೂಕ!

ಈಗ ದಾರಿಯನ್ನು ನೋಡೋಣ. 2014ರವರೆಗೆ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರಿನಂತಹ ಕಾರಿನ ಬ್ಯಾಟರಿ 12 ವೋಲ್ಟಿನದು. ಹಳೆಯ ಬಗೆಯ ಏರ್ಪಾಡಿನಲ್ಲಿ ವಿದ್ಯುತ್ತು ಬ್ಯಾಟರಿಯಿಂದ ಫ್ಯೂಸಿನ ಮೂಲಕ ಹಾರ್ನಿಗೆ ಮೊದಲೇ ಬಂದು ನಿಂತಿರುವುದು. ಹಾರ್ನಿನಿಂದ ಹೊರಟ ಇನ್ನೊಂದು ತಂತಿ ಸ್ಟಿಯರಿಂಗಿನ ಗುಂಡಿಯನ್ನು ಸೇರುವುದು. ಗುಂಡಿಯನ್ನು ಒತ್ತಿದಾಗ ಆ ತಂತಿ ಕಾರಿನ ಲೋಹದ ಮೈಗೆ ಕೂಡಿ, ಆ ಮೈಯೇ ಮರಳುವ ತಂತಿಯಾಗಿ ಮಂಡಲ ಪೂರ್ಣವಾಗುವುದು.

ಪರೀಕ್ಷೆಗೆ ಬೇಕಾದುದು ಎರಡು ತಂತಿಗಳುಳ್ಳ 12 ವೋಲ್ಟಿನ ಒಂದು ಸಣ್ಣ ಬಲ್ಬು ಮತ್ತು ಒಂದು ಗೇಣು ತಂತಿ. ಎಂಜಿನ್ ನಿಲ್ಲಿಸಿ, ಕೈ ಬ್ರೇಕು ಹಾಕಿ, ತಿಳಿದ ಹಿರಿಯರೊಬ್ಬರ ಜೊತೆಯಲ್ಲಿಯೇ ಇದನ್ನು ಮಾಡಬೇಕು. ಬಲ್ಬಿನ ಒಂದು ತಂತಿಯನ್ನು ಬಣ್ಣವಿಲ್ಲದ ಲೋಹಕ್ಕೂ ಇನ್ನೊಂದನ್ನು ಹಾರ್ನಿಗೆ ವಿದ್ಯುತ್ತು ಬರುವ ತುದಿಗೂ ಮುಟ್ಟಿಸಿರಿ. ಬಲ್ಬು ಹತ್ತದಿದ್ದರೆ ತಪ್ಪು ಫ್ಯೂಸಿನ ಕಡೆ ಇದೆ. ಫ್ಯೂಸು ಕಾರಣವಿಲ್ಲದೆ ಕರಗುವುದಿಲ್ಲ. ಅದರ ಬದಲಿಗೆ ಸಿಗರೇಟಿನ ಪೊಟ್ಟಣದ ಬೇಗಡೆಯನ್ನು ಸುತ್ತುವವರು ತಂತಿಗೆ ಬೆಂಕಿಯನ್ನೇ ಕರೆಯುತ್ತಾರೆ. ಬಲ್ಬು ಹತ್ತಿದರೆ, ಹಾರ್ನಿನ ಇನ್ನೊಂದು ತುದಿಯನ್ನು ಗೇಣು ತಂತಿಯಿಂದ ಕಾರಿನ ಲೋಹಕ್ಕೆ ಕ್ಷಣಕಾಲ ಮುಟ್ಟಿಸಿರಿ. ಹಾರ್ನ್ ಕೂಗಿತೆ? ಹಾಗಾದರೆ ಅದು ನಿರ್ದೋಷಿ. ಗುಂಡಿಯ ಕಡೆ ಹುಡುಕಬೇಕು. ಕೂಗದಿದ್ದರೆ ಮಾತ್ರ ಹಾರ್ನನ್ನು ಬಿಚ್ಚುವ ಮಾತು. ನಡುವೆ ರಿಲೇ ಕೂಡಿಸಿದ ಕಾರುಗಳಲ್ಲಿ ತಂತಿಗಳ ಕ್ರಮ ಬೇರೆ. ಅಲ್ಲಿಯೂ ದಾರಿಯನ್ನು ತುಂಡು ತುಂಡಾಗಿ ಪರೀಕ್ಷಿಸುವ ರೀತಿ ಇದೇ.

ಸ್ಟಿಯರಿಂಗ್ ತಿರುಗಿಸಿದಾಗ ಮಾತ್ರ ಹಾರ್ನ್ ಕೂಗಿ, ನೇರವಾಗಿದ್ದಾಗ ಸುಮ್ಮನಾಗುವುದುಂಟು. ತಿರುಗುವ ಚಕ್ರಕ್ಕೂ ನಿಶ್ಚಲವಾದ ತಂತಿಗೂ ನಡುವಿನ ಜಾರುವ ಸಂಪರ್ಕವು ಸವೆದಿದೆ, ಇಲ್ಲವೆ ಕೊಳೆಯಾಗಿದೆ ಎಂಬುದಕ್ಕೆ ಇದೇ ಸಾಕ್ಷಿ.

ದನಿ ಕ್ಷೀಣವಾಗಿದ್ದರೆ ತುಕ್ಕನ್ನು ಸಂಶಯಿಸಬೇಕು. ಲೆಕ್ಕಕ್ಕಾಗಿ ಹಾರ್ನಿನ ರೋಧವನ್ನು 2 ಓಂ ಎಂದಿಟ್ಟುಕೊಳ್ಳೋಣ. ದಾರಿ ಶುದ್ಧವಾಗಿದ್ದರೆ 12 ವೋಲ್ಟಿಗೆ 6 ಆಂಪಿಯರ್ ಹರಿಯುವುದು. ತುಕ್ಕು ಹಿಡಿದ ಒಂದು ಬೋಲ್ಟಿನಲ್ಲಿ 1 ಓಂ ರೋಧ ಸೇರಿದರೆ ಒಟ್ಟು 3 ಓಂ. ಪ್ರವಾಹ 4 ಆಂಪಿಯರಿಗೆ ಇಳಿದು, ತುಕ್ಕಿನಲ್ಲಿಯೇ 4 ವೋಲ್ಟು ಕಳೆದು, ಹಾರ್ನಿಗೆ ಉಳಿಯುವುದು 8 ವೋಲ್ಟು ಮಾತ್ರ. ಮರಳು ಕಾಗದದಿಂದ ಉಜ್ಜಿದರೆ ಹೋಗುವ ದೋಷಕ್ಕಾಗಿ ಹಾರ್ನನ್ನೇ ಬದಲಿಸುವುದು ಹಣವನ್ನು ಚೆಲ್ಲಿದಂತೆ.

ತುಕ್ಕಿಲ್ಲದೆಯೂ ದನಿ ಒಡಕಾಗಿದ್ದರೆ ಹಾರ್ನಿನ ಹಿಂದಿನ ತಿರುಪನ್ನು ಕಾಲು ಸುತ್ತಿಗಿಂತ ಹೆಚ್ಚಾಗದಂತೆ ತಿರುಗಿಸಿ ನೋಡಬಹುದು. ಮಿತಿಮೀರಿದರೆ ಸಂಪರ್ಕ ಬಿಂದುಗಳು ಅಗಲುವುದೇ ಇಲ್ಲ. ಸುರುಳಿ ಕಾಯುವುದು, ಫ್ಯೂಸು ಹೋಗುವುದು.

ಇದಕ್ಕೆ ವಿರುದ್ಧವಾದ ಪೀಡೆಯೂ ಒಂದುಂಟು: ಯಾರೂ ಒತ್ತದೆ ಹಾರ್ನ್ ಒಂದೇ ಸಮನೆ ಕೂಗುವುದು. ಗುಂಡಿಗೆ ಹೋಗುವ ತಂತಿಯ ಹೊದಿಕೆ ಸವೆದು ಒಳಗಿನ ತಾಮ್ರವು ಕಾರಿನ ಮೈಗೆ ತಗುಲಿದರೆ, ಬೆರಳು ಮಾಡಬೇಕಾದ ಕೆಲಸವನ್ನು ಆ ತಂತಿಯೇ ಮಾಡುವುದು. ಗುಂಡಿಯು ಸಿಕ್ಕಿಕೊಂಡರೂ ಹೀಗೆಯೇ. ಮೊದಲು ಹಾರ್ನಿನ ಒಂದು ತಂತಿಯನ್ನು ಕಳಚಿ ಬೀದಿಯವರಿಗೆ ಶಾಂತಿ ಕೊಟ್ಟು, ಬಳಿಕ ಕಾರಣವನ್ನು ಹುಡುಕತಕ್ಕದ್ದು.

ಹಾರ್ನೇ ಕೆಟ್ಟಿದ್ದರೆ ಹೊಸದು ಬೇಕು; ಆದರೆ ಅಂಗಡಿಯಲ್ಲಿ ಸಿಕ್ಕುವುದೆಲ್ಲ ಸಲ್ಲದು. ಕೇಂದ್ರ ಮೋಟಾರು ವಾಹನ ನಿಯಮಗಳು, 1989, ಹಲವು ಸ್ವರಗಳಲ್ಲಿ ಕೂಗುವ ಮತ್ತು ಕರ್ಕಶವಾಗಿ ಕಿರಿಚುವ ಹಾರ್ನುಗಳನ್ನು ನಿಷೇಧಿಸಿವೆ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ 100 ಮೀಟರಿನೊಳಗೆ ನಿಶ್ಶಬ್ದ ವಲಯವನ್ನು 2000ದ ಶಬ್ದಮಾಲಿನ್ಯ ನಿಯಮಗಳು ಹೇಳಿವೆ. ಹಾರ್ನನ್ನು ಬಾಯಿ ತುಸು ಕೆಳಮುಖವಾಗಿರುವಂತೆ ಜೋಡಿಸಿದರೆ ಮಳೆಯ ನೀರು ಒಳಗೆ ನಿಲ್ಲದು. ಕೊನೆಗೆ ಸ್ಟಿಯರಿಂಗನ್ನು ಎಡಕ್ಕೂ ಬಲಕ್ಕೂ ಪೂರ್ತಿಯಾಗಿ ತಿರುಗಿಸುತ್ತ, ನಡುನಡುವೆ ಗುಂಡಿಯನ್ನು ಒತ್ತಿ ನೋಡಿರಿ. ಎಲ್ಲ ಸ್ಥಾನಗಳಲ್ಲಿಯೂ ದನಿ ಒಂದೇ ತೆರನಾಗಿದ್ದರೆ ಕಾರನ್ನು ಪೇಟೆಗೆ ತೆಗೆದುಕೊಂಡು ಹೋಗಬಹುದು.