ಲೆಗೊಲಸ್‌ಗೆ ಎಣ್ಣೆನೀರು

ಒಂದು ಕೈಯಲ್ಲಿ ನಿಂಬೆಹಣ್ಣಿನ ಗಾತ್ರದ ತಲೆ, ಇನ್ನೊಂದರಲ್ಲಿ ಕುದಿನೀರಿನ ಚೊಂಬು ಹಿಡಿದು ಅಡುಗೆಮನೆಯ ಸಿಂಕಿನ ಮುಂದೆ ನಿಂತಿದ್ದೆ. ಅಮ್ಮ ಬಾಗಿಲಲ್ಲೇ ನಿಂತು ಸ್ವಲ್ಪ ಹೊತ್ತು ನೋಡಿದರು.

"ಏನೋ ಇದು, ಗೊಂಬೆಗೆ ಎಣ್ಣೆನೀರು ಎರೀತಿದೀಯಾ?"

"ಬರೀ ನೀರಮ್ಮ" ಅಂದೆ. ಎಣ್ಣೆಯ ಶಾಸ್ತ್ರ ಹಿಂದಿನ ವರ್ಷವೇ ಮುಗಿದಿತ್ತು ಅಂತ ಹೇಳಲಿಲ್ಲ.

ಆ ತಲೆ ಲೆಗೊಲಸ್‌ನದು. ಟೋಲ್ಕಿನ್ನರ 'ಲಾರ್ಡ್ ಆಫ್ ದ ರಿಂಗ್ಸ್'ನ ಬಿಲ್ಲುಗಾರ. ಅವನ ಕೂದಲಿನ ಬಣ್ಣ ಯಾವುದೆಂದು ಕಾದಂಬರಿ ಸ್ಪಷ್ಟವಾಗಿ ಹೇಳುವುದೇ ಇಲ್ಲ. 2001ರಲ್ಲಿ ಬಂದ ಪೀಟರ್ ಜಾಕ್ಸನ್ ಸಿನಿಮಾ ಅವನಿಗೆ ಹೊಂಬಣ್ಣದ ಉದ್ದ ಕೂದಲು ಕೊಟ್ಟಿತು. ಅಲ್ಲಿಂದ ಶುರು ನಮ್ಮಂಥವರ ಪಾಡು. ನನ್ನ ಹತ್ತಿರ ಇರುವುದು ಆರರಲ್ಲೊಂದು ಅಳತೆಯ ಗೊಂಬೆ, ಸುಮಾರು 30 ಸೆಂಟಿಮೀಟರ್ ಎತ್ತರ. ತಲೆಯಲ್ಲಿ ಎಳೆಎಳೆಯಾಗಿ ನೆಟ್ಟ ನೂಲಿನ ಕೂದಲು. ಡಬ್ಬಿ ಬಿಚ್ಚಿದ ದಿನ ನೋಡಿದರೆ ಕೂದಲು ಹಳೆಯ ಪೊರಕೆಯ ಹಾಗೆ ಎದ್ದು ನಿಂತಿದೆ, ಎಡಗಣ್ಣು ಕಿವಿಯ ಕಡೆ ನೋಡುತ್ತಿದೆ. ಕಾಡಿನ ರಾಜಕುಮಾರನಿಗೆ ಮೆಳ್ಳೆಗಣ್ಣು!

ವಾಪಸು ಕಳಿಸಬಹುದಿತ್ತಲ್ಲ ಅನ್ನುತ್ತಾರೆ. ಆಟಿಕೆಗಳ ಆಮದು ಸುಂಕ 2020ರ ಬಜೆಟ್ಟಿನಲ್ಲಿ ಶೇಕಡ 20ರಿಂದ 60ಕ್ಕೆ ಹೋಯಿತು, 2023ರಲ್ಲಿ 70ಕ್ಕೆ. ಅಷ್ಟು ಕಟ್ಟಿ ಬರಮಾಡಿಕೊಂಡದ್ದನ್ನು ಮತ್ತೆ ಸಮುದ್ರ ದಾಟಿಸಿ ಇನ್ನೊಂದನ್ನು ತರಿಸುವ ಧೈರ್ಯ ಯಾರಿಗಿದೆ? ಇಲ್ಲಿ ಗೊಂಬೆ ಕೂಡಿಡುವವರೆಲ್ಲ ನಿಧಾನಕ್ಕೆ ರಿಪೇರಿಯವರೂ ಆಗಿಬಿಡುವುದು ಹೀಗೆ.

ಕೂದಲು ಯಾಕೆ ಕೂರುವುದಿಲ್ಲ ಅನ್ನುವುದು ಹೊಳೆಯಲು ನನಗೆ ತುಂಬ ದಿನ ಹಿಡಿಯಿತು. ತಯಾರಿಸುವವರು ಮೈ, ಬಟ್ಟೆ, ಬಿಲ್ಲು ಎಲ್ಲವನ್ನೂ ಆರನೇ ಒಂದಕ್ಕೆ ಇಳಿಸುತ್ತಾರೆ. ಕೂದಲಿನ ದಪ್ಪವನ್ನು ಇಳಿಸಲು ಆಗುವುದಿಲ್ಲ. ಗೊಂಬೆಯ ನೂಲು ಹೆಚ್ಚುಕಡಿಮೆ ನಮ್ಮ ಕೂದಲಷ್ಟೇ ದಪ್ಪ. ಅಂದರೆ ಅವನ ಲೆಕ್ಕದಲ್ಲಿ ಅವನ ತಲೆಯ ಮೇಲಿರುವುದು ಮೀನುಗಾಳದ ದಾರ. ದಾರ ಬಿರುಸು, ಉದ್ದ ಕಡಿಮೆ, ಕೆಳಕ್ಕೆ ಜಗ್ಗುವಷ್ಟು ತೂಕವಿಲ್ಲ. ಹಾಗಾಗಿ ಜೋತುಬೀಳುವ ಬದಲು ಸೆಟೆದು ನಿಲ್ಲುತ್ತದೆ.

ಇದು ಗೊತ್ತಿಲ್ಲದ ಕಾಲದಲ್ಲಿ ನನ್ನದೇ ಬುದ್ಧಿ ಓಡಿಸಿ ಕೊಬ್ಬರಿ ಎಣ್ಣೆ ಹಚ್ಚಿದ್ದೆ. ಎರಡು ದಿನ ಕೂದಲು ಅಂಟಿಕೊಂಡು ಚೆನ್ನಾಗಿಯೇ ಕಂಡಿತು. ಆದರೆ ಅದು ಡಿಸೆಂಬರ್. 24 ಡಿಗ್ರಿಯ ಆಸುಪಾಸು ಇಳಿದರೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ, ಅದು ಯಾವ ಮನೆಯ ಬಚ್ಚಲಲ್ಲೂ ಕಾಣುವ ಸಂಗತಿ. ಒಂದು ಬೆಳಿಗ್ಗೆ ನೋಡಿದರೆ ಲೆಗೊಲಸ್‌ನ ತಲೆತುಂಬ ಬಿಳಿ ಮೇಣ, ಅದರ ಮೇಲೆ ಬೆಂಗಳೂರಿನ ಧೂಳು. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ನಾಲ್ಕು ಸಲ ತೊಳೆದೆ.

ಕೆಲಸಕ್ಕೆ ಬಂದದ್ದು ಬಿಸಿನೀರು. ಕತ್ತಿಗೆ ಹೇರ್ ಡ್ರೈಯರ್ ಗಾಳಿ ಬಿಟ್ಟು ಮೆದು ಮಾಡಿ ತಲೆ ಕೀಳಬೇಕು. ಮುಖಕ್ಕೆ ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಸುತ್ತಬೇಕು. ಒದ್ದೆ ಕೂದಲನ್ನು ತುದಿಯಿಂದ ಬುಡದ ಕಡೆಗೆ ಸ್ವಲ್ಪಸ್ವಲ್ಪವೇ ಬಿಡಿಸುತ್ತ ಬರಬೇಕು. ಇದಕ್ಕೆ ನಮ್ಮ ಮನೆಯ ಹಳೇ ಸೀರಣಿಗೆಯಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ. ಹೇನು ಹೆಕ್ಕುತ್ತಿದ್ದ ಅದೇ ಸೀರಣಿಗೆ. ಆಮೇಲೆ ಬೇಕಾದ ಆಕಾರಕ್ಕೆ ಕಟ್ಟಿ, ಕುದಿನೀರು ಹೊಯ್ದು, ತಕ್ಷಣ ತಣ್ಣೀರು. ನೂಲು ಪ್ಲಾಸ್ಟಿಕ್ ಆದ್ದರಿಂದ ಶಾಖಕ್ಕೆ ಮೆತ್ತಗಾಗಿ, ತಣಿದಾಗ ಇದ್ದ ಆಕಾರದಲ್ಲೇ ನಿಲ್ಲುತ್ತದೆ. ಮೊದಲು ಕತ್ತಿನ ಹಿಂದಿನ ಒಂದೆರಡು ಎಳೆ ಕತ್ತರಿಸಿ ಅದ್ದಿ ನೋಡುವುದು ಕ್ಷೇಮ. ಬಿಸಿಗಾಳಿಗಿಂತ ನೀರನ್ನು ನಾನು ನಂಬಲು ಕಾರಣವಿದೆ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಈ ಊರಲ್ಲಿ ನೀರು ಎಷ್ಟು ಕುದಿಸಿದರೂ ಸುಮಾರು 97 ಡಿಗ್ರಿ ದಾಟುವುದಿಲ್ಲ. ಡ್ರೈಯರ್ ಮೂತಿಯ ಹತ್ತಿರದ ಬಿಸಿ ಎಷ್ಟೆಂದು ತಿಳಿಯುವ ಹೊತ್ತಿಗೆ ಕೂದಲ ತುದಿ ಗಂಟುಗಟ್ಟಿರುತ್ತದೆ.

ಜಡೆ ಮಾತ್ರ ನನ್ನ ಕೈಗೆ ಬರಲಿಲ್ಲ. ಸಿನಿಮಾದಲ್ಲಿ ಅವನಿಗೆ ಎರಡೂ ಕಿವಿಯ ಮೇಲೆ ಸಣ್ಣ ಜಡೆ, ಹಿಂದೆ ಒಂದು. ಫೋಟೊ ನೋಡಿದ ಅಮ್ಮ "ಕೊಡಿಲ್ಲಿ" ಅಂದು ಕಿತ್ತುಕೊಂಡರು. ಮೂರು ಕಾಲಿನ ಜಡೆ ಹಾಕುತ್ತ ಅವರು ಹೇಳಿದ್ದು ಒಂದೇ: "ಎಳೀಬೇಡ, ಒದ್ದೆ ಇದ್ದಾಗಲೇ ಹೆಣಿ." ತುದಿಗೆ ನೀರಲ್ಲಿ ಕದಡಿದ ಒಂದು ಹನಿ ಫೆವಿಕಾಲ್ ಹಚ್ಚಿದೆ. ಒಣಗಿದರೆ ಕಾಣುವುದಿಲ್ಲ, ಬೇಡವಾದರೆ ನೆನೆಸಿ ತೊಳೆಯಬಹುದು.

ಇನ್ನು ಕಣ್ಣು. ಬಣ್ಣದ ವಿಷಯದಲ್ಲಿ ನನ್ನ ಪೂರ್ವಚರಿತ್ರೆ ಒಳ್ಳೆಯದಲ್ಲ. ಹಿಂದೊಮ್ಮೆ ಅದೇ ಸಿನಿಮಾದ ವಿಕಾರ ಮುಖದ ಒಂದು ಓರ್ಕ್‌ನ ಕೆನ್ನೆಯ ಮೇಲಿನ ಚುಕ್ಕೆ ತೆಗೆಯಲು ನೇಲ್ ಪಾಲಿಶ್ ರಿಮೂವರ್ ಬಳಸಿದ್ದೆ. ಅದರಲ್ಲಿನ ಅಸಿಟೋನ್ ಚುಕ್ಕೆಯ ಜೊತೆ ಕೆನ್ನೆಯನ್ನೂ ಕರಗಿಸಿತು. ಓರ್ಕ್ ಆದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಇನ್ನೊಂದರ ಬೆಲ್ಟಿಗೆ ಹಾರ್ಡ್‌ವೇರ್ ಅಂಗಡಿಯ ಎನಾಮೆಲ್ ಬಳಿದೆ. ಮೆದು ಪಿವಿಸಿಯೊಳಗಿನ ಎಣ್ಣೆಯಂಥ ಅಂಶ ಮೇಲಕ್ಕೆ ಬಂದು ಆ ಬಣ್ಣವನ್ನು ಒಣಗಲು ಬಿಡದು. ಬೆಲ್ಟ್ ಇವತ್ತಿಗೂ ಜಿಗುಟು.

ಈ ಸಲ ನೀರಿನಲ್ಲಿ ಕಲಸುವ ಅಕ್ರಿಲಿಕ್. ಮೊದಲು ಕಾರ್ಖಾನೆಯ ಬಣ್ಣದ ಮೇಲೆ ಒಂದು ತೆಳು ಪದರ ವಾರ್ನಿಶ್, ಅದು ಪೂರ್ತಿ ಒಣಗಿದ ಮೇಲೆ ಕೆಲಸ. ತಪ್ಪಿದರೆ ಹಸಿಯಿರುವಾಗಲೇ ಒದ್ದೆ ಹತ್ತಿಯಲ್ಲಿ ಒರೆಸಬಹುದು, ಕೆಳಗಿನದಕ್ಕೆ ಏನೂ ಆಗದು. ನಮ್ಮ ಕಣ್ಣಿನ ಬಣ್ಣದ ವೃತ್ತ ಸುಮಾರು 12 ಮಿಲಿಮೀಟರ್, ಅವನದು 2. ಅದು ಅರ್ಧ ಮಿಲಿಮೀಟರ್ ಸರಿದಿದ್ದರೆ ನಮ್ಮ ಮುಖದಲ್ಲಿ 3 ಮಿಲಿಮೀಟರ್ ಸರಿದ ಹಾಗೆ. ಮೆಳ್ಳೆಗಣ್ಣು ಕಾಣದೆ ಇನ್ನೇನು?

ತೀರಾ ಸಣ್ಣ ಬ್ರಷ್ ಬೇಕು ಅಂದುಕೊಂಡು ಮೂರು ಸೊನ್ನೆಯದನ್ನು ತಂದಿದ್ದೆ. ಅದರ ತುದಿಯಲ್ಲಿ ನಿಲ್ಲುವ ಬಣ್ಣ ಎಷ್ಟು ಕಡಿಮೆಯೆಂದರೆ ಕಣ್ಣು ಮುಟ್ಟುವ ಮೊದಲೇ ಒಣಗುತ್ತದೆ. ಒಂದನೇ ನಂಬರಿನ, ಮೊನೆ ಚೂಪಾದ ಬ್ರಷ್ಷೇ ಸರಿ. ಕಣ್ಣನ್ನು ಅಳಿಸಿ ಹೊಸದಾಗಿ ಬರೆಯುವ ಉಸಾಬರಿಗೂ ಹೋಗಲಿಲ್ಲ. ಮೂಗಿನ ಕಡೆಗೆ ನೀಲಿಯ ಒಂದು ಸಣ್ಣ ಕುಡುಗೋಲು ಸೇರಿಸಿದೆ, ಕಿವಿಯ ಕಡೆಯ ಅಷ್ಟೇ ನೀಲಿಯನ್ನು ಬಿಳಿಯಿಂದ ಮುಚ್ಚಿದೆ. ಬಿಳಿ ಅಂದರೆ ಸುಣ್ಣದ ಬಿಳಿಯಲ್ಲ. ಮೈಬಣ್ಣ ಒಂದಿಷ್ಟು ಬೆರೆಸದಿದ್ದರೆ ಬೆಚ್ಚಿಬಿದ್ದವನ ಹಾಗೆ ಕಾಣುತ್ತಾನೆ. ಪಾಪೆ ಸರಿಸಿ, ಎರಡೂ ಕಣ್ಣಿನ ಒಂದೇ ಪಕ್ಕಕ್ಕೆ ಬೆಳಕಿನ ಚುಕ್ಕೆ ಇಟ್ಟೆ. ಉಸಿರು ಬಿಟ್ಟಾದ ಮೇಲೆ, ಇನ್ನೊಮ್ಮೆ ಎಳೆದುಕೊಳ್ಳುವ ಮುನ್ನ ಕೈ ಆಡಿಸಬೇಕು.

ಅಲ್ಲಿಗೆ ನಿಲ್ಲಿಸಬೇಕಿತ್ತು. ನಾನು ಫೋನಿನಲ್ಲಿ ಫೋಟೊ ತೆಗೆದು ಹಿಗ್ಗಿಸಿ ನೋಡಿದೆ. ಸರಿಯಾಗಿದ್ದ ಬಲಗಣ್ಣಿನ ಅಂಚು ಒಡ್ಡೊಡ್ಡಾಗಿ ಕಂಡಿತು. ಅದನ್ನು ತಿದ್ದಲು ಹೋಗಿ ಕೆಡಿಸಿ, ಕೆಡಿಸಿದ್ದನ್ನು ತಿದ್ದಿ, ಮೂರು ಸಂಜೆ ಹೋಯಿತು. ಈಗ ತೋಳಿನಷ್ಟು ದೂರದಲ್ಲಿ ಇಟ್ಟು, ಕನ್ನಡಿಯಲ್ಲಿ ತಿರುಗಿಸಿ ನೋಡುತ್ತೇನೆ. ಅಲ್ಲಿ ಕಾಣದ ತಪ್ಪು ನನ್ನ ಪಾಲಿಗೆ ಇಲ್ಲ. ಮ್ಯಾಟ್ ವಾರ್ನಿಶ್ ಸ್ಪ್ರೇಯನ್ನಂತೂ ಜುಲೈ ತಿಂಗಳಲ್ಲಿ ಮುಟ್ಟುವುದಿಲ್ಲ. ಗಾಳಿಯ ತೇವ ಸಿಕ್ಕಿಕೊಂಡು ಗೊಂಬೆಯ ಮೈಮೇಲೆಲ್ಲ ಬೂದಿ ಬಳಿದಂತಾಗುತ್ತದೆ.

ದಸರೆಗೆ ಗೊಂಬೆ ಕೂರಿಸುವಾಗ ಅಮ್ಮ ಪಟ್ಟದ ರಾಣಿಯನ್ನು ತಂದು ನನ್ನ ಮೇಜಿನ ಮೇಲೆ ಇಟ್ಟರು. ಅಜ್ಜಿಯ ಕಾಲದ ಮರದ ಗೊಂಬೆ, ಮೂಗಿನ ಬಣ್ಣ ಎದ್ದಿದೆ. "ನಿನ್ನ ಬಿಲ್ಲುಗಾರನಿಗೆ ಮಾಡ್ದಲ್ಲ, ಇವಳಿಗೂ ಸ್ವಲ್ಪ ಮಾಡು." ಭೂತಗನ್ನಡಿ ಹಿಡಿದು ನೋಡಿದೆ. ಎದ್ದ ಬಣ್ಣದ ಕೆಳಗೆ ಇನ್ನೊಂದು ಬಣ್ಣ, ಅದರ ಕೆಳಗೆ ಮತ್ತೊಂದು. ನನಗಿಂತ ಮೊದಲೇ ಯಾರೋ ಎರಡು ಸಲ ತಿದ್ದಿದ್ದಾರೆ. ಒಣ ಬ್ರಷ್ಷಿನಲ್ಲಿ ಧೂಳು ಮಾತ್ರ ತೆಗೆದು ಹಿಂದಕ್ಕೆ ಕೊಟ್ಟೆ. ಅಮ್ಮನಿಗೆ ಇನ್ನೂ ಬೇಜಾರಿದೆ.