ಮನೆಬಾಗಿಲಿನಿಂದ ಸಭಾಂಗಣದವರೆಗೆ



ಊರಿನಿಂದ ಬಂದಿದ್ದ ನಮ್ಮ ತಂದೆಯವರನ್ನು ವೀಲ್‌ಚೇರಿನಲ್ಲಿ ಕೂರಿಸಿಕೊಂಡು ಒಮ್ಮೆ ಯುಗಾದಿ ಕಾರ್ಯಕ್ರಮಕ್ಕೆ ಹೊರಟಿದ್ದೆ. ಬಸ್ಸಿಗೆ ರ‍್ಯಾಂಪ್ ಇತ್ತು, ರೈಲಿನ ಬಾಗಿಲೂ ಅಗಲವಾಗಿತ್ತು. ಆದರೆ ಇಳಿದ ನಿಲ್ದಾಣದಲ್ಲಿ ಲಿಫ್ಟ್ ಕೆಟ್ಟಿತ್ತು. ಸಭಾಂಗಣ ಎರಡೇ ಬೀದಿ ದೂರ. ನಾವು ಬಂದ ದಾರಿಯಲ್ಲೇ ವಾಪಸಾದೆವು. ಆಮೇಲೆ ಎಲ್ಲಿಗೆ ಕರೆದರೂ ಅಪ್ಪನದು ಒಂದೇ ಮಾತು: "ನೀವು ಹೋಗ್ಬನ್ನಿ, ನಾನು ಮನೇಲೇ ಇರ್ತೀನಿ."

ಪ್ರಯಾಣವೆಂದರೆ ಒಂದು ಸರಪಳಿ. ಮನೆಯ ಮೆಟ್ಟಿಲು, ಕಾಲುದಾರಿ, ರಸ್ತೆ ದಾಟುವ ಜಾಗ, ಬಸ್ ಸ್ಟಾಪ್, ಬಸ್ಸು, ಟಿಕೆಟ್ ಯಂತ್ರ, ಲಿಫ್ಟ್, ಪ್ಲಾಟ್‌ಫಾರಂ, ರೈಲು, ಇಳಿಯುವ ನಿಲ್ದಾಣ – ಹತ್ತು ಕೊಂಡಿಗಳು. ಒಂದೊಂದೂ ನೂರಕ್ಕೆ 95 ಸಲ ಸರಿಯಿದ್ದರೂ, ಲೆಕ್ಕ ಹಾಕಿದರೆ ಹತ್ತೂ ಒಟ್ಟಿಗೆ ಸರಿಯಿರುವುದು ನೂರಕ್ಕೆ ಸುಮಾರು 60 ಸಲ ಮಾತ್ರ!

ಅಮೆರಿಕದಲ್ಲಿ ಈಗಿರುವ ಅನುಕೂಲಗಳು ತಾನಾಗಿ ಬಂದವಲ್ಲ. 1978ರ ಜುಲೈನಲ್ಲಿ ಡೆನ್ವರ್ ನಗರದಲ್ಲಿ 19 ಮಂದಿ ಅಂಗವಿಕಲರು ನಡುರಸ್ತೆಯಲ್ಲಿ ಬಸ್ಸುಗಳನ್ನು ತಡೆದು ಹೋರಾಡಿದರು. 1990ರಲ್ಲಿ ಅಂಗವಿಕಲರ ಹಕ್ಕುಗಳ ಕಾಯಿದೆ (ಎಡಿಎ) ಬಂತು. ಅದರಡಿಯ ನಿಯಮಗಳಲ್ಲಿ ನಮ್ಮ ಕುಟುಂಬಗಳು ತಿಳಿದಿರಬೇಕಾದ ಮೂರು ಇಲ್ಲಿವೆ:

1. ವೀಲ್‌ಚೇರ್ ಇಲ್ಲದಿದ್ದರೂ, ಅಂಗವೈಕಲ್ಯದಿಂದ ಮೆಟ್ಟಿಲು ಹತ್ತಲಾಗದವರು ಬಸ್ಸಿನ ರ‍್ಯಾಂಪ್ ಹಾಕಿಸಿಕೊಳ್ಳಬಹುದು. ಚಾಲಕರನ್ನು ಕೇಳಲು ಸಂಕೋಚ ಬೇಡ.

2. ಸಾಮಾನ್ಯ ಬಸ್ಸು ಬಳಸಲಾಗದವರಿಗೆ, ಬಸ್ ಮಾರ್ಗದ ಮುಕ್ಕಾಲು ಮೈಲಿಯೊಳಗೆ ಪ್ಯಾರಾಟ್ರಾನ್ಸಿಟ್ ವಾಹನದ ಸೌಲಭ್ಯವಿದೆ. ಹಿಂದಿನ ದಿನವೇ ಕಾಯ್ದಿರಿಸಬೇಕು.

3. ಈ ಸೌಲಭ್ಯ ಹೊರಗಿನಿಂದ ಬಂದ ಅಂಗವಿಕಲರಿಗೂ ವರ್ಷದಲ್ಲಿ 21 ದಿನ ದೊರೆಯುತ್ತದೆ. ಭಾರತದಿಂದ ಬರುವ ತಂದೆ-ತಾಯಿಯರಿಗೆ ಇದು ದೊಡ್ಡ ವರ. ವಿಳಾಸ ಹಾಗೂ ಅಂಗವೈಕಲ್ಯದ ದಾಖಲೆ ಕೇಳಬಹುದು. ಊರಿನಿಂದ ಹೊರಡುವಾಗಲೇ ವೈದ್ಯರ ಪತ್ರ ತರಿಸಿಕೊಳ್ಳಿ.

ಇಷ್ಟಾದರೂ ಒಂದು ಕೊಂಡಿ ಉಳಿಯಿತು: ನಮ್ಮ ಸಭಾಂಗಣದ ಬಾಗಿಲು. ರ‍್ಯಾಂಪಿನಲ್ಲಿ ಒಂದು ಇಂಚು ಏರಲು ಕನಿಷ್ಠ ಒಂದು ಅಡಿ ಉದ್ದ ಬೇಕು. ಆರಿಂಚಿನ ಒಂದು ಮೆಟ್ಟಿಲಿಗೆ ಆರಡಿ! ಸಭಾಂಗಣ ಗೊತ್ತುಮಾಡುವಾಗ ಈ ಲೆಕ್ಕ ನೆನಪಿರಲಿ. ಆಮಂತ್ರಣದಲ್ಲಿ ಊಟದ ಹೊತ್ತಿನ ಜೊತೆಗೆ ಮೆಟ್ಟಿಲಿಲ್ಲದ ಬಾಗಿಲು ಯಾವ ಕಡೆ, ಲಿಫ್ಟ್ ಇರುವ ನಿಲ್ದಾಣ ಯಾವುದು ಎಂದೂ ಬರೆಯೋಣ. ಹೊರಡುವ ಮುನ್ನ ಲಿಫ್ಟ್ ನಡೆಯುತ್ತಿದೆಯೇ ಎಂದು ವಿಚಾರಿಸೋಣ.

ಅಪ್ಪ ಈ ಬೇಸಿಗೆಯಲ್ಲಿ ಮತ್ತೆ ಬರುತ್ತಿದ್ದಾರೆ. ಈ ಸಲ ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಬೇಕೆಂಬುದು ನನ್ನಾಸೆ.